ಅಜ್ಜಿಯ ಕೋಣೆಯಲ್ಲಿ ಕೆಮ್ಮಿಲ್ಲ: ಹೊಸ ಮನೆಯೊಂದರ ಒಳಗಾಳಿಯ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ, ಕುಂಬಳೆ ಸೀಮೆಯ ಒಂದು ಮನೆಯ ಪ್ರಕರಣ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಬಿಟ್ಟಿದ್ದೇನೆ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನು. ವೈದ್ಯನಲ್ಲ, ಮನೆ ಕಟ್ಟಿಸುವ ಎಂಜಿನಿಯರೂ ಅಲ್ಲ. ಆ ಮನೆಯ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಆ ಸಲುಗೆಯಿಂದ ಫೋನ್ ಬಂತು.

ಹಿನ್ನೆಲೆ

ಗಂಡನಿಗೆ ಗಲ್ಫಿನಲ್ಲಿ ಕೆಲಸ. ಮನೆಯಲ್ಲಿ ಇರುವವರು ಸೊಸೆ, ಎಂಟು ವರ್ಷದ ಮಗಳು, ಅಜ್ಜಿ. ಹಳೆಯ ಹೆಂಚಿನ ಮನೆಯ ಪಕ್ಕದಲ್ಲೇ ಕಾಂಕ್ರೀಟಿನ ಹೊಸ ಮನೆ ಎದ್ದಿತು. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಮಲಗುವ ಕೋಣೆಗೆ ಎಸಿ, ಗೋಡೆಯಿಂದ ಗೋಡೆಗೆ ವಾರ್ಡ್‌ರೋಬ್, ಕೆಳಗೆ ಬಟ್ಟೆ ಇಡಲು ಪೆಟ್ಟಿಗೆ ಇರುವ ಮಂಚ, ಮಾಡ್ಯುಲರ್ ಕಿಚನ್. ಏಪ್ರಿಲ್ ತಿಂಗಳ ಬಿಸು ಹಬ್ಬ ಮುಗಿದ ವಾರದಲ್ಲಿ ಮನೆ ಒಕ್ಕಲು. ಊಟಕ್ಕೆ ನಾನೂ ಹೋಗಿದ್ದೆ. ಒಳಗೆ ಕಾಲಿಟ್ಟಾಗ ಮೂಗಿಗೆ ಬಡಿದ ಘಾಟನ್ನು ಎಲ್ಲರ ಹಾಗೆ ನಾನೂ ಹೊಸ ಮನೆಯ ವಾಸನೆ ಅಂದುಕೊಂಡೆ. ವರ್ಷಗಟ್ಟಲೆ ಲ್ಯಾಬಿನಲ್ಲಿ ನಿಂತ ನನಗೆ ಅದು ಅಂದೇ ಹೊಳೆಯಬೇಕಿತ್ತು ಎಂಬ ನೋವು ಈಗಲೂ ಇದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಜುಲೈ ನಡುವೆ ಆಟಿ ತಿಂಗಳು ಬರುವಷ್ಟರಲ್ಲಿ ಮಗುವಿಗೆ ಬೆಳಗಿನ ಜಾವ ಕೆಮ್ಮು, ಸೊಸೆಗೆ ಕಣ್ಣುರಿ, ಗಂಟಲು ಕೆರೆತ. ದೀಪಾವಳಿ ಹೊತ್ತಿಗೆ ಕಡಿಮೆಯಾಯಿತು. ಮಾರ್ಚ್ ತಿಂಗಳ ಸೆಕೆಯಲ್ಲಿ ಮತ್ತೆ ಸ್ವಲ್ಪ. ಎರಡನೆಯ ಮಳೆಗಾಲಕ್ಕೆ ಪೂರ್ತಿ ಮರಳಿತು. ಹೀಗೆ ಬಂದು ಹೋಗುತ್ತಿದ್ದುದೇ ಎಲ್ಲರನ್ನೂ ದಾರಿ ತಪ್ಪಿಸಿತು. ಮಳೆಗಾಲದಲ್ಲಿ ಕೆಮ್ಮದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ?

ಮೊದಲು ಮಾಡಿದ್ದು

ಮಂಗಳೂರಿನಲ್ಲಿ ವೈದ್ಯರಿಗೆ ತೋರಿಸಿದರು. ಅಲರ್ಜಿ ಮಾತ್ರೆ, ಆಮೇಲೆ ಇನ್‌ಹೇಲರ್. ವೈದ್ಯರದು ತಪ್ಪಲ್ಲ, ಅವರ ಮುಂದೆ ಕೂತದ್ದು ಮಗು, ಮನೆಯಲ್ಲ. ಮನೆಯವರೂ ಸುಮ್ಮನೆ ಕೂರಲಿಲ್ಲ. ಹತ್ತಿ ದಿಂಬು ಬದಲಿಸಿದರು. ಸಾವಿರಾರು ರೂಪಾಯಿಯ ಏರ್ ಪ್ಯೂರಿಫೈಯರ್ ತಂದರು. ಗಾಳಿ ಶುದ್ಧ ಮಾಡುತ್ತವೆ ಎಂದು ಯಾರೋ ಹೇಳಿದ ಗಿಡಗಳ ಆರು ಕುಂಡ ಇಟ್ಟರು. ಸಂಜೆ ಧೂಪ ಹಾಕಿದರು. ಥಂಡಿ ಗಾಳಿ ಮಗುವಿಗೆ ಆಗದು ಎಂದು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರು, ಸೊಳ್ಳೆಗೆ ಕಾಯಿಲ್ ಹಚ್ಚಿದರು.

ಇವುಗಳಲ್ಲಿ ಕೆಲವು ನಿರುಪಯೋಗಿ, ಕೆಲವು ಹಾನಿಕರ. ಆಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ: ಆ ಮನೆಯ ಗಾಳಿಯಲ್ಲಿ ಹೆಚ್ಚಾಗಿದ್ದದ್ದು ಫಾರ್ಮಾಲ್ಡಿಹೈಡ್, ಹೊಸ ಕಪಾಟು, ಮಂಚಗಳ ಹಲಗೆಯ ಅಂಟಿನಿಂದ ಹೊರಡುವ ಘಾಟಿನ ಅನಿಲ. ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಧೂಳನ್ನು ಹಿಡಿಯುತ್ತದೆ, ಅನಿಲವನ್ನಲ್ಲ. ಅದರ ಹಿಂದಿನ ತೆಳ್ಳನೆಯ ಇದ್ದಿಲ ಪದರಕ್ಕೂ ಫಾರ್ಮಾಲ್ಡಿಹೈಡ್‌ನಂಥ ಪುಟ್ಟ ಅಣುವನ್ನು ಹಿಡಿದಿಡುವ ತಾಕತ್ತು ಕಡಿಮೆ. ಗಿಡಗಳ ಮಾತು 1989ರ ನಾಸಾ ಪ್ರಯೋಗದಿಂದ ಹಬ್ಬಿದ್ದು. ಅಲ್ಲಿ ಗಿಡಗಳನ್ನು ಇಟ್ಟದ್ದು ಸಣ್ಣ ಮುಚ್ಚಿದ ಪೆಟ್ಟಿಗೆಯೊಳಗೆ. ಮನೆಯಷ್ಟು ಜಾಗಕ್ಕೆ ಅದೇ ಫಲ ಬೇಕಾದರೆ ಮನೆಯನ್ನೇ ಕಾಡು ಮಾಡಬೇಕು. ಧೂಪ, ಊದುಬತ್ತಿ, ಕಾಯಿಲ್ ಯಾವುದೇ ಉರಿಯಲಿ, ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇದ್ದೇ ಇರುತ್ತದೆ. ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಾಗ ಬಿಡುವ ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟು ಇರಬಹುದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಇನ್ನು ಸ್ಪ್ಲಿಟ್ ಎಸಿ. ಅದು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯಲ್ಲಿದ್ದ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಇದನ್ನು ಹೇಳಿದಾಗ ಸೊಸೆಗೆ ನಂಬಿಕೆಯೇ ಬರಲಿಲ್ಲ. ಎಸಿ ಹಾಕಿದರೆ ಹೊಸ ಗಾಳಿ ಬರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ.

ಅಜ್ಜಿಯ ಕೋಣೆ

ಜುಲೈ ತಿಂಗಳ ಒಂದು ಭಾನುವಾರ ಹೋದೆ. ಜೋರು ಮಳೆ. ಬಾಗಿಲು ತೆರೆದ ಕೂಡಲೇ ಕಣ್ಣಂಚಿನಲ್ಲಿ ಚುರ್ ಎಂದಿತು. ಮನೆಯವರಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ, ಮೂಗು ಒಗ್ಗಿಹೋಗಿತ್ತು. ಕೆಳಗಿನ ಕೋಣೆಯ ವಾರ್ಡ್‌ರೋಬಿನ ಬಾಗಿಲು ಎಳೆದೆ. ಮುಖಕ್ಕೆ ರಾಚಿದ ಗಾಳಿಯಲ್ಲಿ ನನಗೆ ಕಂಡದ್ದು ನಮ್ಮ ಶಾಲೆಯ ಜೀವಶಾಸ್ತ್ರ ಲ್ಯಾಬಿನ ಕಪಾಟು: ಹಳದಿ ನೀರಿನಲ್ಲಿ ಮುಳುಗಿದ ಕಪ್ಪೆ, ಮೇಣ ಮೆತ್ತಿದ ಮುಚ್ಚಳ. ಅದೇ ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ಕರಗಿದ ನೀರು) ಘಾಟು, ಬಹಳ ತೆಳುವಾಗಿ.

ಆದರೆ ಮೂಗಿನ ಸಾಕ್ಷಿ ಸಾಲದು. ಯಾರಿಗೆ ತೊಂದರೆ, ಯಾರಿಗಿಲ್ಲ ಎಂದು ಕೇಳುತ್ತ ಹೋದೆ. ಆಗ ಅಜ್ಜಿ ಜಗಲಿಯಿಂದಲೇ ಹೇಳಿದರು, "ನನಗೇನೂ ಇಲ್ಲಪ್ಪ." ಅವರಿಗೆ ಎಪ್ಪತ್ತು ದಾಟಿದೆ, ಹಳೆಯ ದಮ್ಮಿನ ತೊಂದರೆಯೂ ಇದೆ. ಅವರಿಗೆ ಏಕೆ ಏನೂ ಆಗಲಿಲ್ಲ? ಅವರ ಕೋಣೆಗೆ ಹೋಗಿ ನೋಡಿದೆ. ಹಳೆಯ ಮನೆಯಿಂದ ತಂದ ಹಲಸಿನ ಮರದ ಮಂಚ, ಒಂದು ಸ್ಟೀಲ್ ಕಪಾಟು, ಎಲೆ ಅಡಿಕೆಯ ಪೆಟ್ಟಿಗೆ. ಕಿಟಕಿ ತೆರೆದೇ ಇತ್ತು. ಗಾಳಿ ಬಾರದ ಕೋಣೆಯಲ್ಲಿ ನಿದ್ದೆ ಬಾರದು ಎನ್ನುವವರು ಅವರು. ಮಗನ ಹತ್ತಿರ ಜಗಳ ಮಾಡಿ ಹೊಸ ಕಪಾಟನ್ನೂ ಮಾಡಿಸಿರಲಿಲ್ಲ.

ಈ ಪ್ರಕರಣ ತಿರುಗಿದ್ದು ಅಲ್ಲಿ. ಮಗುವನ್ನು ಎಂಟು ರಾತ್ರಿ ಅಜ್ಜಿಯ ಜೊತೆ ಮಲಗಿಸಲು ಹೇಳಿದೆ. ಒಂದು ಷರತ್ತು ಹಾಕಿದೆ: ಅದೇ ದಿಂಬು, ಅದೇ ಹೊದಿಕೆ, ಅದೇ ಔಷಧ. ಬೇರೆ ಏನನ್ನೂ ಬದಲಿಸಬಾರದು. ಧೂಳಿನ ಹುಳದಿಂದ ಕೆಮ್ಮು ಬರುತ್ತಿದ್ದರೆ ದಿಂಬಿನ ಜೊತೆಗೆ ಅದೂ ಹೋಗಬೇಕಲ್ಲ? ಐದನೆಯ ರಾತ್ರಿಯಿಂದ ಜಾವದ ಕೆಮ್ಮು ನಿಂತಿತು. ಎಂಟು ರಾತ್ರಿ ಕಳೆದು ಮಗು ತನ್ನ ಕೋಣೆಗೆ ಮರಳಿದ ಎರಡನೆಯ ಬೆಳಿಗ್ಗೆ ಮತ್ತೆ ಶುರು. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಕಲಿಸಿದಷ್ಟನ್ನು ಆಮೇಲಿನ ಯಾವ ಯಂತ್ರವೂ ಕಲಿಸಲಿಲ್ಲ.

ಬಾಟಲಿಗಳಲ್ಲಿ ಕಂಡದ್ದು

ಕಪಾಟಿನ ಒಳಗೆ ಏನಿದೆ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಿಲ್ಲಿನಲ್ಲಿ "ಬೋರ್ಡ್" ಎಂದಷ್ಟೇ ಇತ್ತು. ಕೆಲಸ ಮಾಡಿದವರು ಫೋನಿನಲ್ಲಿ "ವಾಟರ್‌ಪ್ರೂಫ್ ಸರ್, ಒಳ್ಳೆ ಸಾಮಾನು" ಎಂದರು. ಅದೃಷ್ಟಕ್ಕೆ ಕೊಯ್ದು ಉಳಿದ ತುಂಡುಗಳು ಬಚ್ಚಲುಮನೆಯ ಪಕ್ಕ ಸೌದೆಯ ರಾಶಿಯಲ್ಲಿ ಬಿದ್ದಿದ್ದವು. ಅರ್ಧದಷ್ಟು ಆಗಲೇ ಒಲೆಗೆ ಹೋಗಿತ್ತು. ಒಂದು ತುಂಡನ್ನು ಮುರಿದೆ. ಮರದ ಎಳೆಯಿಲ್ಲ, ಪದರವಿಲ್ಲ, ಒತ್ತಿದ ಹುರಿಹಿಟ್ಟಿನ ಹಾಗೆ ಕಂದು ನಾರು. ಎಂಡಿಎಫ್.

ಎಂಡಿಎಫ್ ಅಂದರೆ ಮರವನ್ನು ನಾರು ಮಾಡಿ ಅಂಟು ಬೆರೆಸಿ ಬಿಸಿಯಲ್ಲಿ ಒತ್ತಿದ ಹಲಗೆ. ತೂಕದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಅಂಟೇ. ಅಗ್ಗದ ಹಲಗೆಗಳಲ್ಲಿ ಅದು ಯೂರಿಯಾ–ಫಾರ್ಮಾಲ್ಡಿಹೈಡ್ ಅಂಟು. ಅಡಿಕೆ ತೋಟಕ್ಕೆ ಹಾಕುವ ಅದೇ ಯೂರಿಯಾ ಫಾರ್ಮಾಲ್ಡಿಹೈಡ್ ಜೊತೆ ಸೇರಿ ಗಟ್ಟಿಯಾದದ್ದು. ಈ ಕೂಡಿಕೆಗೆ ತೇವವೇ ಶತ್ರು. ನೀರಿನಂಶ ಸೋಕಿದರೆ ಬಂಧ ಮೆಲ್ಲಗೆ ಕಳಚಿ ಫಾರ್ಮಾಲ್ಡಿಹೈಡ್ ಮತ್ತೆ ಅನಿಲವಾಗಿ ಹೊರಗೆ ಬರುತ್ತದೆ. ಬಿಸಿ ಹೆಚ್ಚಿದರೆ ಇನ್ನೂ ವೇಗ. ಕಡಲ ತೀರದ ನಮ್ಮ ಸೀಮೆಯಲ್ಲಿ ವರ್ಷದ ಅರ್ಧ ಭಾಗ ತೇವ, ಉಳಿದರ್ಧ ಸೆಕೆ. ಬಾತ್‌ರೂಮಿನ ಬಾಗಿಲಿಗೆ ಬಳಸುವ ಫೀನಾಲ್ ಅಂಟಿನ ಪ್ಲೈವುಡ್ ಹೀಗೆ ಸುಲಭವಾಗಿ ಕಳಚುವುದಿಲ್ಲ, ಬಿಡುವ ಅನಿಲವೂ ಬಹಳ ಕಡಿಮೆ.

ತುಂಡುಗಳನ್ನು ಶಾಲೆಗೆ ಒಯ್ದೆ. ಅಗಲ ಬಾಯಿಯ ಆರು ಬಾಟಲಿ, ಪ್ರತಿಯೊಂದರ ತಳದಲ್ಲಿ 20 ಮಿಲಿಲೀಟರ್ ಡಿಸ್ಟಿಲ್ಡ್ ನೀರು, ಹೋಲಿಕೆಗೆ ಖಾಲಿ ಬಿಟ್ಟ ಒಂದನ್ನುಳಿದು ಎಲ್ಲದರಲ್ಲೂ ನೀರಿನ ಮೇಲೆ ನೂಲಿನಲ್ಲಿ ತೂಗಿದ ಅಂಗೈಯಗಲದ ತುಂಡು. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಬಹಳ ಚೆನ್ನಾಗಿ ಕರಗುತ್ತದೆ. ಹಲಗೆ ಏನು ಬಿಟ್ಟರೂ ಒಂದು ಹಗಲು ಒಂದು ರಾತ್ರಿಯಲ್ಲಿ ನೀರು ಅದನ್ನು ಹೀರಿಕೊಳ್ಳುತ್ತದೆ. ಹಲಗೆ ಕಾರ್ಖಾನೆಗಳಲ್ಲಿ ಡೆಸಿಕೇಟರ್ ಪರೀಕ್ಷೆ ನಡೆಯುವುದೂ ಇದೇ ತತ್ವದ ಮೇಲೆ. ಮರುದಿನ ಪ್ರತಿ ಬಾಟಲಿಯ ನೀರಿಗೆ ಶಿಫ್ ದ್ರಾವಣ ಹಾಕಿದೆವು. ಹನ್ನೆರಡನೆಯ ತರಗತಿಯಲ್ಲಿ ಆಲ್ಡಿಹೈಡ್ ಗುರುತಿಸಲು ಬಳಸುವ ಅದೇ ಬಣ್ಣವಿಲ್ಲದ ದ್ರಾವಣ.

ಬರಿಯ ಎಂಡಿಎಫ್ ತುಂಡಿನ ನೀರು ಕೆಲವೇ ನಿಮಿಷದಲ್ಲಿ ದಾಸವಾಳದ ಬಣ್ಣಕ್ಕೆ ತಿರುಗಿತು. ಹಲಸಿನ ಮರದ್ದು ಹಾಗೆಯೇ ಉಳಿಯಿತು, ಫೀನಾಲ್ ಪ್ಲೈವುಡ್ಡಿನದು ಮಸುಕು ಗುಲಾಬಿ, ಖಾಲಿ ಬಾಟಲಿಯದು ನೀರಿನ ಬಣ್ಣ. ನನ್ನನ್ನು ಬೆಚ್ಚಿಬೀಳಿಸಿದ್ದು ಐದನೆಯ ಬಾಟಲಿ. ಎರಡೂ ಬದಿಗೆ ಲ್ಯಾಮಿನೇಟ್ ಅಂಟಿಸಿದ, ಆದರೆ ನಾಲ್ಕು ಅಂಚು ತೆರೆದೇ ಇದ್ದ ತುಂಡು ಅದರಲ್ಲಿತ್ತು. ಅದರ ನೀರೂ ಬರಿಯ ಎಂಡಿಎಫ್‌ನಷ್ಟೇ ಗಾಢ. ಆರನೆಯದರಲ್ಲಿ ಅಂಥದ್ದೇ ತುಂಡು, ಅಂಚಿಗೆ ಮಾತ್ರ ಮೇಣದ ಬತ್ತಿ ಕರಗಿಸಿ ಮೆತ್ತಿದ್ದೆವು. ಅದು ಕಂಡೂ ಕಾಣದಷ್ಟು ಗುಲಾಬಿ. ಇದು ಅಳತೆಯಲ್ಲ, ಗುರುತು ಮಾತ್ರ. ಆದರೂ ಬೆಂಚಿನ ಮೇಲೆ ಸಾಲಾಗಿಟ್ಟ ಆ ಆರು ಬಾಟಲಿ ನೋಡಿದ ಮೇಲೆ ಮನೆಯಲ್ಲಿ ಏನನ್ನು ಹುಡುಕಬೇಕೆಂದು ಸ್ಪಷ್ಟವಾಯಿತು: ಮುಚ್ಚದ ಅಂಚು.

ಮೀಟರು, ಲ್ಯಾಬು, ಮಾತು

ಅಷ್ಟರಲ್ಲಿ ಗಂಡ ರಜೆಯಲ್ಲಿ ಬಂದ, ಆನ್‌ಲೈನಿನಲ್ಲಿ ಒಂದು ಕೈಮೀಟರ್ ತರಿಸಿದ. ಕೋಣೆಯಲ್ಲಿ ಹಿಡಿದು ನೋಡುತ್ತಿದ್ದಾಗ ಅಂಕಿ ಇದ್ದಕ್ಕಿದ್ದಂತೆ ಐದು ಪಟ್ಟು ಏರಿತು. ಮನೆಯವರು ಗಾಬರಿ. ಕಾರಣ, ಅವನೇ ಹೊರಗೆ ಹೋಗಲೆಂದು ಅಂಗಿಗೆ ಸೆಂಟು ಹೊಡೆದುಕೊಂಡಿದ್ದ. ಇಂಥ ಮೀಟರುಗಳ ಸೆನ್ಸರ್ ಆಲ್ಕೋಹಾಲ್ ಆವಿಯನ್ನೂ ಫಾರ್ಮಾಲ್ಡಿಹೈಡ್ ಎಂದೇ ಎಣಿಸುತ್ತದೆ. ಆ ಅಂಕಿಯ ಮೇಲೆ ಯಾವ ತೀರ್ಮಾನವೂ ಬೇಡವೆಂದೆ. ಪಂಪಿನಿಂದ ಗಾಳಿ ಎಳೆದು, ಆಲ್ಡಿಹೈಡನ್ನು ಹಿಡಿದಿಡುವ ಡಿಎನ್‌ಪಿಎಚ್ ಎಂಬ ರಾಸಾಯನಿಕ ಲೇಪಿಸಿದ ನಳಿಕೆಯಲ್ಲಿ ಹಿಡಿದು ಲ್ಯಾಬಿನಲ್ಲಿ ಅಳೆಯುವ ಕ್ರಮವೇ ನಂಬಲರ್ಹ. ಖರ್ಚಾಯಿತು, ಕಾಯಬೇಕಾಯಿತು. ರಾತ್ರಿಯಿಡೀ ಮುಚ್ಚಿದ ಮಲಗುವ ಕೋಣೆಯಲ್ಲಿ ಘನ ಮೀಟರಿಗೆ 0.19 ಮಿಲಿಗ್ರಾಂ ಬಂತು, ಅಜ್ಜಿಯ ಕೋಣೆಯಲ್ಲಿ 0.04. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಳಗಾಳಿಗೆ ಹಾಕಿಕೊಟ್ಟ ಮಿತಿ 0.1 ಮಿಲಿಗ್ರಾಂ, 30 ನಿಮಿಷದ ಸರಾಸರಿ.

ಈ ಅಂಕಿಯನ್ನು ಮನೆಯವರ ಮುಂದೆ ಹೇಗೆ ಇಡುವುದು ಎಂದು ನಾನು ಎರಡು ದಿನ ಯೋಚಿಸಿದ್ದೇನೆ. ಇದು ಎಂಡೋಸಲ್ಫಾನ್ ಕಂಡ ಜಿಲ್ಲೆ. ಗೋಡಂಬಿ ತೋಪುಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕ 2000ದಲ್ಲಿ ನಿಂತರೂ ಅದರ ನೆನಪು ಹೋಗಿಲ್ಲ. ಇಲ್ಲಿ "ವಿಷ" ಎಂಬ ಮಾತನ್ನು ಯಾವ ತಾಯಿಯ ಮುಂದೆಯೂ ಹಗುರವಾಗಿ ಆಡಬಾರದು. ಅದರ ಮೇಲೆ, ಫಾರ್ಮಾಲಿನ್ ಅಂದ ಕೂಡಲೇ ಅಜ್ಜಿ "ಮೀನಿಗೆ ಹಾಕುತ್ತಾರಲ್ಲ, ಅದಾ?" ಎಂದು ಕೇಳಿದರು. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ "ಆಪರೇಷನ್ ಸಾಗರ್ ರಾಣಿ"ಯಲ್ಲಿ ಫಾರ್ಮಾಲಿನ್ ಬೆರೆಸಿದ ಮೀನನ್ನು ಚೆಕ್‌ಪೋಸ್ಟಿನಲ್ಲಿ ಹಿಡಿದಾಗ ಈ ಹೆಸರು ಮನೆಮನೆಗೆ ತಲುಪಿತ್ತು. ಅದೇ ವಸ್ತು ಹೌದು ಎಂದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಸೇರಿಸಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅದರ ಬೆನ್ನಿಗೇ ಇನ್ನೊಂದನ್ನು ಹೇಳಿದೆ: ಆ ಗುಂಪು ವಸ್ತುವಿನ ಗುಣ ಹೇಳುತ್ತದೆ, ಈ ಮಗುವಿಗೆ ಏನಾಗುತ್ತದೆ ಎಂದಲ್ಲ, ಮಿತಿಯೊಳಗೆ ತಂದರೆ ದೀರ್ಘಕಾಲದ ಭಯವೂ ಇಳಿಯುತ್ತದೆ, ತರುವ ದಾರಿ ಇದೆ. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಾವುದನ್ನು ಮೊದಲು ತೆಗೆಯುವುದು ಸರ್?" ಎಂದಳು.

ದುರಸ್ತಿ

ಮೊದಲು ಹೋದದ್ದು ಮಂಚ. ಮಗುವಿನ ಮೂಗಿನಿಂದ ಒಂದು ಗೇಣು ಕೆಳಗೆ, ಹಾಸಿಗೆಯ ಅಡಿಯಲ್ಲಿ ಒಂದು ಕಡೆಯೂ ಲ್ಯಾಮಿನೇಟ್ ಇಲ್ಲದ ಎಂಡಿಎಫ್. ಹಳೆಯ ಮನೆಯ ಅಟ್ಟದಿಂದ ಇನ್ನೊಂದು ಹಲಸಿನ ಮಂಚ ಇಳಿಸಿದರು. ಕಾಯಿಲ್, ಧೂಪ ನಿಂತವು, ಸೊಳ್ಳೆಪರದೆ ಬಂತು. ವಾರ್ಡ್‌ರೋಬನ್ನು ಗೋಡೆಯಿಂದ ಎಳೆದಾಗ ಹಿಂದೆ ಕಂಡದ್ದನ್ನು ಮರೆಯಲಾರೆ. ಅದು ಪಡುವಣ ಗೋಡೆ, ಮಳೆ ನೇರವಾಗಿ ಹೊಡೆಯುವ ಬದಿ. ಹೊರಗಿನ ಬಿರುಕಿನಿಂದ ನೀರು ಜಿನುಗಿ ಪ್ಲಾಸ್ಟರ್ ಒದ್ದೆ. ಅದಕ್ಕೆ ಬೆನ್ನು ಕೊಟ್ಟು ನಿಂತ ಹಲಗೆಯ ಹಿಂಬದಿ ಪೂರಾ ಬೆತ್ತಲೆ, ಮೊಣಕಾಲಿನ ಎತ್ತರದವರೆಗೆ ಉಬ್ಬಿ ಕಪ್ಪು ಬೂಸ್ಟು ಹಿಡಿದಿತ್ತು. ಬೆರಳಿನಿಂದ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಒಳಗೆ ಹೋಯಿತು. ಮುಂಬದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

ಕೆಟ್ಟ ಹಲಗೆ ತೆಗೆಸಿ, ಗೋಡೆ ರಿಪೇರಿ ಮಾಡಿಸಿ, ಉಳಿದದ್ದಕ್ಕೆ ಸೀಲ್ ಮಾಡಲು ಹೊರಟೆವು. ಇಲ್ಲಿ ನನ್ನಿಂದಲೇ ತಪ್ಪಾಯಿತು. ಆಚಾರಿಗೆ "ಬರಿಯ ಜಾಗಕ್ಕೆಲ್ಲ ಪಾಲಿಶ್ ಹೊಡೆಯಿರಿ" ಎಂದಷ್ಟೇ ಹೇಳಿ ಬಂದೆ. ಅವರು ತಮ್ಮ ಅಭ್ಯಾಸದ ಮೆಲಮೈನ್ ಪಾಲಿಶ್ ಹೊಡೆದರು. ಆಮ್ಲ ಬೆರೆಸಿ ಗಟ್ಟಿಯಾಗಿಸುವ ಆ ಪಾಲಿಶ್ ಒಣಗುವಾಗ ತಾನೇ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಮೂರು ವಾರ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಮನೆಯವರು ನನ್ನನ್ನು ಬೈಯಲಿಲ್ಲ, ಮಗುವನ್ನು ಅಜ್ಜಿಯ ಕೋಣೆಗೆ ಕಳಿಸಿ ಸುಮ್ಮನೆ ಕಾದರು. ಆ ಮೂರು ವಾರದ ಹೊಣೆ ನನ್ನದೇ. ಯಾವ ಪಾಲಿಶ್ ಎಂದು ಹೆಸರಿಟ್ಟು ಹೇಳಬೇಕು, ಡಬ್ಬಿ ತರಿಸಿ ಓದಬೇಕು.

ಮುಂದಿನ ಕೆಲಸ ಬಿಡಿಸಿ ಬಿಡಿಸಿ ಮಾಡಿದೆವು. ತೆರೆದ ಅಂಚಿಗೆ ಪಿವಿಸಿ ಎಡ್ಜ್ ಬ್ಯಾಂಡ್, ಹಿಂಬದಿಗೆ ಲ್ಯಾಮಿನೇಟ್, ಎರಡೂ ಹತ್ತದ ಮೂಲೆಗಳಿಗೆ ಅರಗಿನ ಪಾಲಿಶ್ ಮೂರು ಕೋಟು. ಆಚಾರಿಗೆ ಬಾಟಲಿಗಳ ಫೋಟೋ ತೋರಿಸಿದ್ದರಿಂದ ಅವರೇ ನನಗಿಂತ ಚೆನ್ನಾಗಿ ಹುಡುಕತೊಡಗಿದರು. ಕಪಾಟಿನ ಬಾಗಿಲ ಕೀಲಿಗಾಗಿ ಕೊರೆದ 35 ಮಿಲಿಮೀಟರಿನ ಗುಂಡಿಗಳು, ವಯರ್ ಹೋಗುವ ತೂತು, ಸ್ಟವ್ ಕೂರಿಸಲು ಕತ್ತರಿಸಿದ ಜಾಗ, ಸಿಂಕಿನ ಕೆಳಗಿನ ಅಂಚು, ಕಣ್ಣಿಗೆ ಬೀಳದ ಒಂದೊಂದನ್ನೂ ಟಾರ್ಚ್ ಹಿಡಿದು ಮುಚ್ಚಿದರು. "ಇಷ್ಟು ವರ್ಷ ಕಾಣುವ ಕಡೆ ಮಾತ್ರ ಚಂದ ಮಾಡಿದೆವು" ಎಂದರು. ಈ ಹಲಗೆಯ ಧೂಳನ್ನು ದಿನವಿಡೀ ಉಸಿರಾಡುವವರು ಅವರೇ. ಅಂದಿನಿಂದ ಮಾಸ್ಕ್ ಕಟ್ಟುತ್ತಿದ್ದಾರೆ.

ಗಾಳಿಗೆ ದಾರಿ ಮಾಡಿದ್ದು ಹೀಗೆ: ಸಜ್ಜದ ಅಡಿಯ ಕಿಟಕಿ ನಾಲ್ಕು ಬೆರಳು ತೆರೆದೇ ಇರಬೇಕು, ಮಳೆಯಲ್ಲೂ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ರಾತ್ರಿಯಿಡೀ ತಿರುಗಬೇಕು. ಅಜ್ಜಿ ಮೊದಲಿನಿಂದ ಹೇಳುತ್ತಿದ್ದದ್ದೂ ಇದನ್ನೇ.

ಆಮೇಲೆ

ನವೆಂಬರಿನಲ್ಲಿ ಮತ್ತೆ ಅಳೆದಾಗ ಮಗುವಿನ ಕೋಣೆಯಲ್ಲಿ 0.06. ಮರುವರ್ಷ ಜುಲೈಯಲ್ಲಿ, ಬೇಕೆಂದೇ ಕಿಟಕಿ ಮುಚ್ಚಿ ಅಳೆದಾಗ 0.09. ಮಿತಿಯ ಒಳಗೆ, ಆದರೆ ಅಂಚಿನಲ್ಲಿ. ಕಿಟಕಿಯ ಆ ನಾಲ್ಕು ಬೆರಳು ಇನ್ನೂ ಕೆಲವು ಮಳೆಗಾಲ ಬೇಕು. ಮಗುವಿನ ಜಾವದ ಕೆಮ್ಮು ನಿಂತಿದೆ, ಇನ್‌ಹೇಲರನ್ನು ವೈದ್ಯರೇ ಹಂತಹಂತವಾಗಿ ಬಿಡಿಸಿದರು. ಇದರ ಪೂರ್ತಿ ಶ್ರೇಯಸ್ಸನ್ನು ಫಾರ್ಮಾಲ್ಡಿಹೈಡ್ ಇಳಿದದ್ದಕ್ಕೇ ಕೊಡಲಾರೆ. ಬೂಸ್ಟು ಹಿಡಿದ ಗೋಡೆಯೂ ಅದೇ ತಿಂಗಳು ಸರಿಯಾಯಿತು, ಬೂಸ್ಟಿನಿಂದಲೂ ಕೆಮ್ಮು ಬರುತ್ತದೆ. ಒಂದೊಂದಾಗಿ ಮಾಡಿ ನೋಡಿದ್ದರೆ ಕಾರಣ ಬೇರೆ ಬೇರೆಯಾಗಿ ತಿಳಿಯುತ್ತಿತ್ತೇನೋ. ಆದರೆ ಮಗು ಕೆಮ್ಮುತ್ತಿರುವಾಗ ಅಂಥ ಪ್ರಯೋಗಕ್ಕೆ ನನಗೆ ಮನಸ್ಸು ಬರಲಿಲ್ಲ.

ಈಗ ಯಾರಾದರೂ ಮನೆ ಕಟ್ಟಿಸುವಾಗ ಕೇಳಿದರೆ ನಾನು ಹೇಳುವುದು ಎರಡೇ. ಬಿಲ್ಲಿನಲ್ಲಿ ಹಲಗೆಯ ಜಾತಿ, ಅಂಟಿನ ಜಾತಿ, ಹಲಗೆ ಬಿಡುವ ಫಾರ್ಮಾಲ್ಡಿಹೈಡ್ ಕಡಿಮೆ ಎಂದು ಸೂಚಿಸುವ ಇ0 ಅಥವಾ ಇ1 ಎಂಬ ಗ್ರೇಡ್ ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಿಂದ ಹಲಗೆ ಬೇಡ. ಕಪಾಟು ಗೋಡೆಗೆ ಕೂರಿಸುವ ಮೊದಲು ನೀವೇ ಅದರ ಬೆನ್ನು ನೋಡಿ.

ಕೊನೆಗೆ ಉಳಿದದ್ದು ತೆಗೆದ ಮಂಚದ ಪ್ರಶ್ನೆ. ತೋಟದ ಕೆಲಸಕ್ಕೆ ಬರುವವರು ಅದನ್ನು ಕೇಳಿದರು. ಅವರ ಮನೆಯಲ್ಲಿ ಮೂರು ತಿಂಗಳ ಕೂಸು. ಸೊಸೆ ಕೊಡಲಿಲ್ಲ, ಏಕೆ ಕೊಡುವುದಿಲ್ಲ ಎಂದು ಅವರನ್ನು ಕೂರಿಸಿ ಹೇಳಿದಳು, ಅಟ್ಟದಲ್ಲಿದ್ದ ಹಗ್ಗದ ಮಂಚ ಕೊಟ್ಟಳು. ಬಚ್ಚಲೊಲೆಗೆ ಹಾಕುವುದಂತೂ ಸಾಧ್ಯವೇ ಇರಲಿಲ್ಲ. ಅಂಟು ಉರಿದರೆ ಹೊಗೆ ಇನ್ನೂ ಕೆಟ್ಟದ್ದು, ಮೀಯಲು ಹೋದವರ ಎದೆಗೇ ಅದು. ಸೌದೆ ರಾಶಿಯಲ್ಲಿ ಉಳಿದಿದ್ದ ತುಂಡುಗಳನ್ನೂ ಆಯ್ದು ತೆಗೆದರು. ಈಗ ಆ ಹಲಗೆಗಳು ನಾಲ್ಕೂ ಕಡೆ ತೆರೆದ ಅಡಿಕೆ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಕೆಳಗೆ ಅಟ್ಟಣಿಗೆಯಾಗಿ ಮಲಗಿವೆ. ಮೇಲಿನ ಚೀಲಗಳಲ್ಲಿ ಇರುವುದು ಯೂರಿಯಾ.